ಸೆರೆಮನೆ ತುಂಬಿದರೆ ಊರಿಗೆ ನೆಮ್ಮದಿಯೇ?

ಊರಿನಲ್ಲಿ ಒಂದು ಕನ್ನ ಬಿದ್ದಿತೆಂದರೆ, ಮರುದಿನ ಬೆಳಗ್ಗೆ ಜಗಲಿಯ ಮೇಲೆ ಕುಳಿತವರೆಲ್ಲರೂ ಒಂದೇ ತೀರ್ಪನ್ನು ಕೊಡುವರು: “ಇಂಥವರನ್ನೆಲ್ಲ ಹಿಡಿದು ಒಳಗೆ ಹಾಕಬೇಕು.” ಈ ಮಾತಿನಲ್ಲಿ ಕೋಪವಿರುವಂತೆ ನ್ಯಾಯವೂ ಇರುವುದು. ಬೆವರು ಸುರಿಸಿ ಕೂಡಿಟ್ಟದ್ದನ್ನು ಮತ್ತೊಬ್ಬನು ಒಂದೇ ರಾತ್ರಿಯಲ್ಲಿ ಹೊತ್ತೊಯ್ದರೆ ಯಾರಿಗೆ ತಾನೇ ಸಹನೆಯುಂಟಾದೀತು? ಆದರೆ ಒಳಗೆ ಹಾಕಬೇಕಾದವರು ಯಾರು, ಎಷ್ಟು ಕಾಲ ಹಾಕಬೇಕು, ಹಾಕಿದುದರಿಂದ ಅಪರಾಧವು ಕಡಮೆಯಾಯಿತೇ ಎಂಬ ಮೂರು ಪ್ರಶ್ನೆಗಳನ್ನು ಜಗಲಿಯ ಸಭೆಯು ಕೇಳುವುದಿಲ್ಲ. ಮನೆಯ ಖರ್ಚುವೆಚ್ಚವನ್ನು ತಿಂಗಳ ಕೊನೆಯಲ್ಲಿ ಕುಳಿತು ಲೆಕ್ಕ ನೋಡುವ ಗೃಹಸ್ಥರು ಈ ವಿಷಯದಲ್ಲಿಯೂ ಒಮ್ಮೆ ಲೆಕ್ಕ ನೋಡುವುದು ಉಚಿತವಾಗಿದೆ. ಏಕೆಂದರೆ ಸೆರೆಮನೆಯ ಖರ್ಚು ನಮ್ಮದೇ; ಅದರ ಫಲವನ್ನು ಉಣ್ಣತಕ್ಕವರೂ ನಾವೇ.

ಮೊದಲು ಸೆರೆಮನೆಯೊಳಗೆ ಇರುವವರು ಯಾರೆಂಬುದನ್ನು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದವರು 2022ನೆಯ ಇಸವಿಯ ಕೊನೆಗೆ ತೆಗೆದ ಲೆಕ್ಕದಂತೆ, ಭಾರತದ ಬಂದೀಖಾನೆಗಳಲ್ಲಿ 4,36,266 ಮಂದಿಗೆ ಸ್ಥಳವಿದ್ದಿತು. ಇದ್ದವರು 5,73,220 ಮಂದಿ. ನೂರು ಜನ ಮಲಗತಕ್ಕ ಜಾಗದಲ್ಲಿ ನೂರ ಮೂವತ್ತೊಂದು ಜನ ಮಲಗಿದ್ದರೆಂದು ತಿಳಿಯಬೇಕು. ಇದಕ್ಕಿಂತಲೂ ಯೋಚಿಸತಕ್ಕ ಸಂಗತಿ ಇನ್ನೊಂದುಂಟು. ಅವರೊಳಗೆ 4,34,302 ಮಂದಿ, ಎಂದರೆ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚಿನವರು, ವಿಚಾರಣೆ ಮುಗಿಯದೆ ಇದ್ದವರು. ಅವರು ತಪ್ಪು ಮಾಡಿದರೆಂದು ಯಾವ ನ್ಯಾಯಾಧೀಶರೂ ಇನ್ನೂ ಹೇಳಿರಲಿಲ್ಲ. ವಿಚಾರಣೆ ಮುಗಿದು ಶಿಕ್ಷೆ ಹೊಂದಿದವರು ಮಾತ್ರವೇ ಒಳಗಿದ್ದಿದ್ದರೆ, ಅದೇ ಕಟ್ಟಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಳ ಖಾಲಿಯಾಗಿ ಉಳಿಯುತ್ತಲಿದ್ದಿತು. ಆದುದರಿಂದ ಸೆರೆಮನೆಗಳು ತುಂಬಿ ತುಳುಕುವುದು ಅಪರಾಧಿಗಳಿಂದ ಎನ್ನುವುದಕ್ಕಿಂತ, ತೀರ್ಪಿಗಾಗಿ ಕಾಯುತ್ತಿರುವವರಿಂದ ಎನ್ನುವುದೇ ಸರಿ.

ಇನ್ನು, ಮನುಷ್ಯನನ್ನು ಸೆರೆಯಲ್ಲಿಡುವುದರಿಂದ ಮೂರು ಪ್ರಯೋಜನಗಳುಂಟೆಂದು ಬಲ್ಲವರು ಹೇಳುವರು. ಕೇಡಿಗನು ಒಳಗಿರುವಷ್ಟು ಕಾಲ ಹೊರಗೆ ಕೇಡು ಮಾಡಲಾರನು, ಇದು ತಡೆ. ಅವನನ್ನು ನೋಡಿ ಉಳಿದವರು ಹೆದರುವರು, ಇದು ಭಯ. ಒಳಗಿದ್ದವನು ಬುದ್ಧಿ ಕಲಿತು ಹೊರಗೆ ಬರುವನು, ಇದು ತಿದ್ದುಪಾಟು. ಈ ಮೂರು ಪ್ರಯೋಜನಗಳೂ ಎಷ್ಟರಮಟ್ಟಿಗೆ ಕೈಗೂಡುವುವೆಂಬುದನ್ನು ಪರೀಕ್ಷಿಸಲು ದೂರದ ಗ್ರಂಥಗಳನ್ನು ಹುಡುಕಬೇಕಾದುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿಯೇ ಆ ಪರೀಕ್ಷೆಯು ನಡೆದುಹೋಗಿದೆ. ಅದರ ಬೆಲೆಯನ್ನು ಅಲ್ಲಿನ ಮನೆಗಳವರು ತೆತ್ತಿದ್ದಾರೆ.

ಈ ಸೀಮೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮುತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸಣ್ಣ ಸೀಮೆ. ಎರಡೂ 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಹನೂರು ಆಮೇಲೆ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾಯಿತು. ಹನೂರಿನಿಂದ ಮುಂದೆ ಮಹದೇಶ್ವರನ ಬೆಟ್ಟ. ಬೆಟ್ಟದಾಚೆ ತಮಿಳುನಾಡಿನ ಗಡಿಯವರೆಗೆ ದಟ್ಟವಾದ ಅಡವಿ. ಆ ಗಡಿಯ ಹಳ್ಳಿಗಳಲ್ಲೊಂದಾದ ಗೋಪಿನಾಥಮ್ಮಿನಲ್ಲಿ ಹುಟ್ಟಿದವನೇ ವೀರಪ್ಪನ್.

ಆನೆಯ ದಂತ ಮತ್ತು ಶ್ರೀಗಂಧಗಳ ಕಳ್ಳನಾಗಿದ್ದ ಈತನು 1986ರಲ್ಲಿ ಒಮ್ಮೆ ಸೆರೆ ಸಿಕ್ಕಿದನು. ಆದರೆ ಕಾವಲಿನಿಂದ ತಪ್ಪಿಸಿಕೊಂಡು ಮತ್ತೆ ಅಡವಿಯನ್ನು ಸೇರಿದನು. ಮೇಲೆ ಹೇಳಿದ ತಡೆಯೆಂಬ ಪ್ರಯೋಜನವು ನಿಜವಾಗಿ ಬೇಕಾಗಿದ್ದುದು ಆ ಒಬ್ಬನ ವಿಷಯದಲ್ಲಿ. ಅವನೊಬ್ಬನು ಅಂದು ಭದ್ರವಾದ ಗೋಡೆಗಳ ನಡುವೆ ಇದ್ದು, ವಿಚಾರಣೆ ನಡೆದು, ಶಿಕ್ಷೆಯಾಗಿದ್ದಿದ್ದರೆ, ಮುಂದಿನ ಹದಿನೆಂಟು ವರ್ಷಗಳ ರಕ್ತಪಾತದಲ್ಲಿ ಬಹುಪಾಲು ತಪ್ಪುತ್ತಲಿದ್ದಿತೆಂದು ಊಹಿಸುವುದರಲ್ಲಿ ತಪ್ಪೇನೂ ಇಲ್ಲ. ಸೆರೆಮನೆಯಿಂದ ಯಾವ ಪ್ರಯೋಜನವೂ ಇಲ್ಲವೆಂದು ವಾದಿಸುವವರು ಈ ಸಂಗತಿಯನ್ನು ಮರೆಯತಕ್ಕದ್ದಲ್ಲ.

ಮುಂದೆ ನಡೆದುದು ವಾಚಕರಿಗೆ ತಿಳಿದೇ ಇದೆ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಮೋಸದಿಂದ ಕೊಲ್ಲಲ್ಪಟ್ಟರು. 1992ರ ಮೇ ತಿಂಗಳಿನಲ್ಲಿ ರಾಮಾಪುರದ ಠಾಣೆಯ ಮೇಲೆ ಬಿದ್ದು ಪೊಲೀಸರನ್ನು ಕೊಂದರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಷಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು.

ಇಷ್ಟಾದ ಮೇಲೆ ಸರ್ಕಾರದವರು ಕೈಕಟ್ಟಿ ಕುಳಿತಿರುವುದು ಸಾಧ್ಯವಿರಲಿಲ್ಲ. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಅಡವಿಗೆ ಇಳಿದವು. ಕಳ್ಳನು ಸಿಕ್ಕಲಿಲ್ಲ, ಕಳ್ಳನಿಗೆ ಅಕ್ಕಿ ಕೊಟ್ಟರು, ದಾರಿ ತೋರಿಸಿದರು, ಸುದ್ದಿ ಮುಟ್ಟಿಸಿದರು ಎಂಬ ಆಪಾದನೆಯ ಮೇಲೆ ಹಳ್ಳಿಗರು ಸಿಕ್ಕಿದರು. ‘ಟಾಡಾ’ ಎಂದು ಹೆಸರಾದ ಕಠಿಣ ಶಾಸನದಂತೆ ಅವರನ್ನು ಮೈಸೂರಿನ ಬಂದೀಖಾನೆಗೆ ಕಳುಹಿಸಿದರು. ಆ ಶಾಸನದಲ್ಲಿ ಜಾಮೀನು ದೊರೆಯುವುದು ಬಹು ಕಷ್ಟ. ಸಾಮಾನ್ಯವಾದ ಕಾನೂನಿಗೆ ವಿರುದ್ಧವಾಗಿ, ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ಬರೆಸಿಕೊಂಡ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗಿ ನಿಲ್ಲುತ್ತಿದ್ದಿತು. 1995ರಲ್ಲಿ ಶಾಸನದ ಅವಧಿ ತೀರಿತು. ಅದರಂತೆ ಹೂಡಿದ ಮೊಕದ್ದಮೆಗಳು ಮಾತ್ರ ತೀರಲಿಲ್ಲ. 2000ದ ಇಸವಿಯಲ್ಲಿಯೂ ಮೈಸೂರಿನ ಬಂದೀಖಾನೆಯಲ್ಲಿ 51 ಮಂದಿ ಟಾಡಾ ಬಂದಿಗಳು ತೀರ್ಪಿಗಾಗಿ ಕಾಯುತ್ತಿದ್ದರು. ಅವರಲ್ಲಿ ಹೆಂಗಸರೂ ಇದ್ದರು.

ಹೊಲ ಉತ್ತು, ಕುರಿ ಕಾಯ್ದು ಬದುಕುವ ಸಂಸಾರದ ಯಜಮಾನನು ಆರೇಳು ವರ್ಷ ಮನೆಯಲ್ಲಿ ಇಲ್ಲದಿದ್ದರೆ ಆ ಮನೆಯು ಏನಾಗುವುದೆಂಬುದನ್ನು ಗೃಹಿಣಿಯರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಬೆಟ್ಟದಾಚೆಯ ಹಳ್ಳಿಯಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಎರಡು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂದಿತು. ವಕೀಲರಿಗೆಂದು ಎಮ್ಮೆಯನ್ನೋ ತಾಳಿಯ ಬೊಟ್ಟನ್ನೋ ಮಾರುವುದು ಇಂಥ ಮನೆಗಳಲ್ಲಿ ಅಪರೂಪವಲ್ಲ. ಮಗನು ಶಾಲೆ ಬಿಟ್ಟು ದನದ ಹಿಂದೆ ಹೋಗುವನು. ಶಿಕ್ಷೆಯನ್ನು ವಿಧಿಸಿದ ನ್ಯಾಯಾಧೀಶರಿಲ್ಲ; ಆದರೂ ಶಿಕ್ಷೆಯು ಮನೆಮಂದಿಗೆಲ್ಲ ಹಂಚಿಹೋಗುವುದು.

ಇಷ್ಟು ಮಂದಿಯನ್ನು ಒಳಗಿಟ್ಟುದರಿಂದ ಹೊರಗಣ ಅಪರಾಧವು ನಿಂತಿತೇ? 1997ರಲ್ಲಿ ಬಂಡೀಪುರದ ಅಡವಿಯಿಂದ ಕೃಪಾಕರ ಮತ್ತು ಸೇನಾನಿ ಎಂಬ ಛಾಯಾಗ್ರಾಹಕರ ಅಪಹರಣವಾಯಿತು. 2000ದ ಜುಲೈ 30ರಂದು ಗಾಜನೂರಿನಿಂದ ನಟಸಾರ್ವಭೌಮ ರಾಜಕುಮಾರರನ್ನು ಒಯ್ದರು. 108 ದಿನ ನಾಡೆಲ್ಲವೂ ಉಸಿರು ಬಿಗಿಹಿಡಿದು ಕುಳಿತಿತು. 2002ರ ಆಗಸ್ಟಿನಲ್ಲಿ ಕೊಳ್ಳೇಗಾಲ ಹನೂರುಗಳ ನಡುವಣ ಕಾಮಗೆರೆಯಿಂದ ಮಾಜಿ ಮಂತ್ರಿ ಎಚ್. ನಾಗಪ್ಪನವರನ್ನು ಒಯ್ದರು, ಡಿಸೆಂಬರಿನಲ್ಲಿ ಅವರ ಶವವು ಅಡವಿಯಲ್ಲಿ ದೊರೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ. ಇಡಬೇಕಾದ ಒಬ್ಬನನ್ನು ಇಟ್ಟುಕೊಳ್ಳಲಾರದ ಸೆರೆಯು, ವಿಚಾರಿಸಿ ಬಿಡಬಹುದಾಗಿದ್ದ ಹಲವರನ್ನು ವರ್ಷಗಟ್ಟಲೆ ಇಟ್ಟುಕೊಂಡಿತು.

ರಾಜಕುಮಾರರ ಅಪಹರಣದ ಕಾಲದಲ್ಲಿ ವೀರಪ್ಪನ್ ಈ 51 ಮಂದಿಯ ಬಿಡುಗಡೆಯನ್ನು ಕೇಳಿದನು. ಸರ್ಕಾರದವರು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲು ಸಿದ್ಧರಾದರು. ಆಗ ಮೀಣ್ಯದಲ್ಲಿ ಹತನಾದ ಷಕೀಲ್ ಅಹಮದರ ತಂದೆ ಅಬ್ದುಲ್ ಕರೀಂ ಎಂಬವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಕಾಡುಗಳ್ಳನ ಬೆದರಿಕೆಗೆ ಮಣಿದು ಮೊಕದ್ದಮೆಯನ್ನು ಬಿಡುವುದು ಸಲ್ಲದೆಂದು ವಾದಿಸಿದರು. 2000ದ ನವೆಂಬರ್ 7ರಂದು ನ್ಯಾಯಾಲಯವು ಅವರ ವಾದವನ್ನು ಎತ್ತಿಹಿಡಿಯಿತು. ಮಗನನ್ನು ಕಳೆದುಕೊಂಡ ತಂದೆಗೆ ಈ ಮಾತನ್ನಾಡುವ ಹಕ್ಕು ಇರಲಿಲ್ಲವೆಂದು ಯಾರು ಹೇಳಿಯಾರು?

ಮುಂದಿನ ವರ್ಷ, 2001ರ ಸೆಪ್ಟೆಂಬರಿನಲ್ಲಿ, ಮೈಸೂರಿನ ವಿಶೇಷ ನ್ಯಾಯಾಲಯವು ತೀರ್ಪು ಕೊಟ್ಟಿತು. ಆಪಾದಿತರಲ್ಲಿ ನೂರಕ್ಕೂ ಮಿಕ್ಕಿದವರು ಬಿಡುಗಡೆಯಾದರು. ಅಪರಾಧವು ಸ್ಥಿರಪಟ್ಟುದು ಇಪ್ಪತ್ತಕ್ಕಿಂತ ಕಡಮೆ ಮಂದಿಯ ಮೇಲೆ. ಅವರಲ್ಲಿ ನಾಲ್ವರಿಗೆ ಪಾಲಾರಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಮರಣದಂಡನೆಯನ್ನು ವಿಧಿಸಿ, ಕರುಣೆಯ ಅರ್ಜಿಯು ಬಹುಕಾಲ ತೀರ್ಮಾನವಾಗದೆ ಉಳಿದುದರಿಂದ 2014ರಲ್ಲಿ ಅದನ್ನು ಜೀವಾವಧಿ ಶಿಕ್ಷೆಯಾಗಿ ಬದಲಿಸಿತು. ಕಾರ್ಯಪಡೆಯವರ ಹಿಂಸೆಯ ವಿಷಯವಾಗಿ ಬಂದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವರ ಸಮಿತಿಯನ್ನು 1999ರಲ್ಲಿ ನೇಮಿಸಿದ್ದಿತು. 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರವನ್ನು ಕೊಡತಕ್ಕದ್ದೆಂದು ಆಯೋಗವು ಹೇಳಿತು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಗುಂಡೇಟಿಗೆ ಸತ್ತನು. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಉತ್ತರ ಹೇಳುವ ಕಾಲವು ಅವನಿಗೆ ಬರಲೇ ಇಲ್ಲ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಯೋಚಿಸಬೇಕು. ಮಗನನ್ನು ಕಳೆದುಕೊಂಡ ತಂದೆ ಒಂದು ಕಡೆ, ತೀರ್ಪಿಲ್ಲದೆ ಕೊಳೆಯುತ್ತಿದ್ದ ಬಂದಿ ಮತ್ತೊಂದು ಕಡೆ ನಿಂತಿದ್ದರೆಂದು ತೋರುವುದು. ಆದರೆ ಇಬ್ಬರಿಗೂ ಬೇಕಾಗಿದ್ದುದು ಒಂದೇ ವಸ್ತು: ಕಾಲಕ್ಕೆ ಸರಿಯಾದ ತೀರ್ಪು. 1995ರಲ್ಲಿಯೇ ಅದು ಬಂದಿದ್ದರೆ ಅಪರಾಧಿಗಳಿಗೆ ಶಿಕ್ಷೆಯಾಗಿ ತಂದೆಗೆ ಸಮಾಧಾನವಾಗುತ್ತಿದ್ದಿತು. ನಿರಪರಾಧಿಗಳು ಮನೆ ಸೇರುತ್ತಿದ್ದರು. ಅಪಹರಣಕಾರನಿಗೆ ಚೌಕಾಸಿ ಮಾಡಲು 51 ಮಂದಿ ಬಂದಿಗಳೂ ಇರುತ್ತಿರಲಿಲ್ಲ. ತಡವಾದ ವಿಚಾರಣೆಯಿಂದ ಲಾಭ ಹೊಂದಿದವನು ಅಡವಿಯಲ್ಲಿದ್ದ ಕಳ್ಳನೊಬ್ಬನೇ.

ಅಪರಾಧವನ್ನು ತಗ್ಗಿಸುವ ಬೇರೆ ದಾರಿಯನ್ನು ಇದೇ ಸೀಮೆಯಲ್ಲಿ ಹಿಡಿದವರೂ ಇದ್ದರು. ಮೇಲೆ ಹೆಸರಿಸಿದ ಶ್ರೀನಿವಾಸರು ಗೋಪಿನಾಥಮ್ಮಿನಲ್ಲಿಯೇ ಬಿಡಾರ ಹೂಡಿ, ಊರಿಗೆ ಕುಡಿಯುವ ನೀರು, ರೋಗಿಗಳಿಗೆ ಔಷಧಿ, ಮಾರಿಯಮ್ಮನಿಗೆ ಗುಡಿ, ಇವುಗಳಿಗಾಗಿ ದುಡಿದರು. ಕಳ್ಳನ ಜೊತೆಗಾರರನ್ನು ಒಲಿಸಿ ಶರಣಾಗುವಂತೆ ಮಾಡಿದರು. ಕಡೆಗೆ ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋಗಿ ಪ್ರಾಣವನ್ನು ತೆತ್ತರು. ಅವರಿಗೆ ಮರಣಾನಂತರ ಕೀರ್ತಿಚಕ್ರ ಸಂದಿತು. ಅವರ ದಾರಿಯು ಸೋತಿತೆಂದು ಕೆಲವರು ಹೇಳಬಹುದು. ಒಬ್ಬನ ವಿಷಯದಲ್ಲಿ ಅದು ಸೋತುದು ನಿಜ. ಆದರೆ ವೀರಪ್ಪನ್ ಹುಟ್ಟಿದ ಊರಿನಲ್ಲಿಯೇ ಶ್ರೀನಿವಾಸರ ಹೆಸರನ್ನು ಜನರು ಭಕ್ತಿಯಿಂದ ನೆನೆಯುತ್ತಾರೆ. ಕಾನೂನಿನ ಕಡೆಯವನೊಬ್ಬನನ್ನು ತನ್ನವನೆಂದು ಬಗೆಯುವ ಊರಿನಲ್ಲಿ ಕಳ್ಳನಿಗೆ ಅನ್ನ ಹುಟ್ಟುವುದು ಕಷ್ಟ.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸಂಗತಿಯು ಮತ್ತೊಂದು ಬಗೆಯದು. ಅಲ್ಲಿನ ಸೋಲಿಗರು ತಲೆತಲಾಂತರದಿಂದ ಜೇನು, ನೆಲ್ಲಿಕಾಯಿ, ಕಲ್ಲುಹೂಗಳನ್ನು ತಂದು ಬದುಕಿದವರು. ಬೆಟ್ಟವು ವನ್ಯಜೀವಿಧಾಮವಾದ ಮೇಲೆ, ಅಜ್ಜನು ನಡೆದ ದಾರಿಯಲ್ಲಿ ಮೊಮ್ಮಗನು ನಡೆದರೆ ಅದು ಅಪರಾಧವೆನ್ನಿಸಿಕೊಳ್ಳುವ ಕಾಲ ಬಂದಿತು. 2006ರ ಅರಣ್ಯ ಹಕ್ಕು ಶಾಸನದಂತೆ 2011ರಲ್ಲಿ ಅಲ್ಲಿನ ಅನೇಕ ಪೋಡುಗಳಿಗೆ ಅಡವಿಯ ಹುಟ್ಟುವಳಿಯ ಮೇಲೆ ಹಕ್ಕುಪತ್ರಗಳು ದೊರೆತುವು. ನಿನ್ನೆ ಅಪರಾಧವಾಗಿದ್ದುದು ಇಂದು ಹಕ್ಕಾಯಿತು. ಒಬ್ಬನನ್ನೂ ಸೆರೆಗೆ ಕಳುಹಿಸದೆ ಅಪರಾಧದ ಲೆಕ್ಕವು ಇಳಿಯಿತು. ಅಪರಾಧವೆಂಬ ಹೆಸರನ್ನು ಯಾವುದಕ್ಕೆ ಕೊಡಬೇಕೆಂಬುದೂ ಯೋಚಿಸತಕ್ಕ ವಿಷಯವೇ ಎಂಬುದಕ್ಕೆ ಇದು ನಿದರ್ಶನವಾಗಿದೆ.

ನಮ್ಮ ಸೀಮೆಯ ಪಾಠವು ಹೊರದೇಶಗಳ ಅನುಭವಕ್ಕೂ ಹೊಂದಿಕೊಳ್ಳುವುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯ ಮತ್ತು ಕೇಂದ್ರ ಸೆರೆಮನೆಗಳಲ್ಲಿ 1973ರಲ್ಲಿ ಸುಮಾರು 2 ಲಕ್ಷ ಮಂದಿ ಇದ್ದರು. 2009ರ ವೇಳೆಗೆ ಅವರ ಸಂಖ್ಯೆ ಸುಮಾರು 15 ಲಕ್ಷವಾಯಿತು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಲಿಯ ಪಂಡಿತರು 2014ರಲ್ಲಿ ಇದನ್ನೆಲ್ಲ ಪರಿಶೀಲಿಸಿ, ಇದರಿಂದ ಅಪರಾಧವು ಸ್ವಲ್ಪ ಇಳಿದಿರಬಹುದಾದರೂ ಆ ಇಳಿತವು ದೊಡ್ಡದಾಗಿರಲಾರದೆಂದು ಅಭಿಪ್ರಾಯಪಟ್ಟರು. ಅತ್ತ ಫಿನ್ಲೆಂಡ್ ದೇಶದವರು 1950ರ ಸುಮಾರಿನಲ್ಲಿ ಲಕ್ಷ ಜನಕ್ಕೆ 190ರ ಆಸುಪಾಸಿನಲ್ಲಿದ್ದ ಸೆರೆವಾಸಿಗಳ ಸಂಖ್ಯೆಯನ್ನು ಆ ಶತಮಾನದ ಕೊನೆಯ ವೇಳೆಗೆ ಮೂರನೆಯ ಒಂದು ಪಾಲಿಗೆ ಇಳಿಸಿದರು. ಅಲ್ಲಿನ ಅಪರಾಧಗಳ ಏರಿಳಿತವು ನೆರೆಯ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳ ಏರಿಳಿತದಂತೆಯೇ ನಡೆಯಿತು. ಬಾಗಿಲು ತೆರೆದರೆಂದು ಊರು ಹಾಳಾಗಲಿಲ್ಲ.

ಇದಕ್ಕೆ ಕಾರಣವು ಗೂಢವಾದುದೇನೂ ಅಲ್ಲ. ಕದಿಯಲು ಹೊರಟವನು ‘ಮೂರು ವರ್ಷವೋ, ಏಳು ವರ್ಷವೋ’ ಎಂದು ಶಾಸನದ ಪುಸ್ತಕವನ್ನು ತಿರುವಿ ನೋಡಿ ಹೊರಡುವುದಿಲ್ಲ. ‘ಸಿಕ್ಕಿಬೀಳುವೆನೋ, ಇಲ್ಲವೋ’ ಎಂದು ಮಾತ್ರ ನೋಡುವನು. ಹಿಡಿಯುವ ಕೈ ಚುರುಕಾಗಿದ್ದು, ತೀರ್ಪು ಬೇಗನೆ ಬರುವುದಾದರೆ, ಅಲ್ಪ ಶಿಕ್ಷೆಗೂ ಭಯವಿರುವುದು. ಹಿಡಿಯುವುದು ಅನುಮಾನ, ತೀರ್ಪು ಹತ್ತು ವರ್ಷ ದೂರ ಎಂದಾದರೆ, ಘೋರ ಶಿಕ್ಷೆಗೂ ಭಯವಿಲ್ಲ. ತಿದ್ದುಪಾಟಿನ ಮಾತಂತೂ ಕಿಕ್ಕಿರಿದ ಕೋಣೆಯಲ್ಲಿ ನಡೆಯತಕ್ಕದ್ದಲ್ಲ. ಕೋಳಿ ಕದ್ದ ಹುಡುಗನನ್ನು ಕನ್ನಗಳ್ಳನ ಪಕ್ಕದಲ್ಲಿ ಎರಡು ವರ್ಷ ಮಲಗಿಸಿದರೆ, ಅವನು ಕಲಿತು ಬರುವ ವಿದ್ಯೆ ಯಾವುದೆಂದು ಹೇಳಬೇಕೇ?

ಶಾಸನಕರ್ತರೂ ಇದನ್ನು ತಿಳಿದಿದ್ದಾರೆ. ಬಿಹಾರದ ಬಂದೀಖಾನೆಗಳಲ್ಲಿ ಶಿಕ್ಷೆಯ ಅವಧಿಗಿಂತಲೂ ಹೆಚ್ಚು ಕಾಲ ವಿಚಾರಣೆಗಾಗಿ ಕಾದವರ ವಿಷಯದಲ್ಲಿ, ಶೀಘ್ರ ವಿಚಾರಣೆಯು ಮನುಷ್ಯನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿಯೇ ಸಾರಿತು. ಸಣ್ಣ ತಪ್ಪಿನವರನ್ನು ಸೆರೆಗೆ ಕಳುಹಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು 1958ರ ಪರಿವೀಕ್ಷಣಾ ಶಾಸನವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿ, ಐದು ಸಾವಿರ ರೂಪಾಯಿಗಿಂತ ಕಡಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಎಂದೂ ಶಿಕ್ಷೆ ಹೊಂದದವನು ತನ್ನ ಮೇಲಿನ ಆಪಾದನೆಗೆ ಇರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನೂ, ಉಳಿದವರು ಅರ್ಧ ಪಾಲನ್ನೂ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಬಂದೀಖಾನೆಯ ಅಧಿಕಾರಿಯೇ ಇದನ್ನು ನ್ಯಾಯಾಲಯಕ್ಕೆ ಬರೆದು ತಿಳಿಸತಕ್ಕದ್ದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಆಪಾದನೆಗಳಿಗೂ, ಒಬ್ಬನ ಮೇಲೆ ಹಲವು ಮೊಕದ್ದಮೆಗಳಿರುವಲ್ಲಿಯೂ ಇದು ಅನ್ವಯಿಸುವುದಿಲ್ಲ.

ಶಾಸನವಿದ್ದರೆ ಸಾಲದು, ಅದನ್ನು ಕೇಳಿ ಪಡೆಯುವವರೂ ಬೇಕು. ಈ ವಿಷಯದಲ್ಲಿ ಗೃಹಸ್ಥರು ಮಾಡಬಹುದಾದ ಕೆಲಸಗಳು ಕೆಲವುಂಟು. ಹಳ್ಳಿಯ ಬಡವನೊಬ್ಬನು ಸೆರೆಯಾದನೆಂದು ತಿಳಿದರೆ, ಬಂಧನದಲ್ಲಿರುವ ಪ್ರತಿಯೊಬ್ಬನಿಗೂ 1987ರ ಶಾಸನದಂತೆ ಖರ್ಚಿಲ್ಲದೆ ವಕೀಲರು ದೊರೆಯುವರೆಂದು ಅವನ ಮನೆಯವರಿಗೆ ತಿಳಿಸಿರಿ. ತಾಲ್ಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. 15100 ಎಂಬ ದೂರವಾಣಿಯೂ ಇದೆ. ಜಾಮೀನು ಸಿಕ್ಕಿದರೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿಯುವ ಬಡವರು ಅನೇಕರು. ನೀವು ಚೆನ್ನಾಗಿ ಬಲ್ಲ ಮನುಷ್ಯನಾದರೆ ಹೊಣೆ ನಿಲ್ಲಲು ಹಿಂಜರಿಯಬೇಡಿರಿ. ಸಾಕ್ಷಿಗೆ ಕರೆ ಬಂದಾಗ ‘ನಮಗೇಕೆ ಊರ ಉಸಾಬರಿ’ ಎಂದು ತಪ್ಪಿಸಿಕೊಳ್ಳಬೇಡಿರಿ. ಸಾಕ್ಷಿಯು ಬಾರದ ಒಂದೊಂದು ದಿನವೂ ಮೊಕದ್ದಮೆಯು ಮುಂದಕ್ಕೆ ಬೀಳುವುದು. ಅಪರಾಧಿಯಾದವನಿಗೆ ಅದರಿಂದ ಲಾಭ, ನಿರಪರಾಧಿಯಾದವನಿಗೆ ಸೆರೆ. ಬಿಡುಗಡೆಯಾಗಿ ಬಂದವನು ಕೂಲಿ ಕೇಳಿಕೊಂಡು ಬಾಗಿಲಿಗೆ ಬಂದರೆ, ‘ಜೈಲಿಗೆ ಹೋಗಿ ಬಂದವನು’ ಎಂಬ ಒಂದೇ ಕಾರಣದಿಂದ ಅಟ್ಟಬೇಡಿರಿ. ನಾಲ್ಕು ಬಾಗಿಲುಗಳು ಮುಚ್ಚಿದವನಿಗೆ ಐದನೆಯದಾಗಿ ತೆರೆದಿರುವುದು ಯಾವ ಬಾಗಿಲೆಂಬುದನ್ನು ಎಲ್ಲರೂ ಬಲ್ಲರು.

ಕೇಡಿಗನಿಗೆ ಸೆರೆ ಬೇಕು, ಇದರಲ್ಲಿ ಸಂದೇಹವಿಲ್ಲ. ಆದರೆ ಅವನು ಕೇಡಿಗನೇ ಎಂಬುದನ್ನು ಬೇಗನೆ ತೀರ್ಮಾನಿಸುವ ನ್ಯಾಯಾಲಯವು ಅದಕ್ಕಿಂತ ಮೊದಲು ಬೇಕು. ಹೊಸ ಸೆರೆಮನೆಗೆ ಹಣ ಬೇಕೆಂದು ಕೇಳುವವರೊಡನೆ, ಆ ಹಣದಲ್ಲಿ ಎಷ್ಟು ಮಂದಿ ನ್ಯಾಯಾಧೀಶರನ್ನೂ, ಎಷ್ಟು ಮಂದಿ ತನಿಖೆಯ ಅಧಿಕಾರಿಗಳನ್ನೂ ನೇಮಿಸಬಹುದೆಂದು ನಾವು ತಿರುಗಿ ಕೇಳೋಣ. ಮೈಸೂರಿನ ಬಂದೀಖಾನೆಯಲ್ಲಿ ಯೌವನವನ್ನು ಕಳೆದು, ಅಪರಾಧವಿಲ್ಲವೆಂಬ ಕಾಗದವನ್ನು ಹಿಡಿದುಕೊಂಡು ಬೆಟ್ಟದಾಚೆಯ ಊರಿಗೆ ಹಿಂದಿರುಗಿದವರ ವರ್ಷಗಳನ್ನು ಯಾವ ಸರ್ಕಾರವೂ ಹಿಂದಕ್ಕೆ ಕೊಡಲಾರದು. ಈಗ ಒಳಗೆ ಕಾಯುತ್ತಿರುವವರ ವರ್ಷಗಳಾದರೂ ಉಳಿಯಲಿ.